ಪ್ರೊಸೆಸರ್ ಮುಚ್ಚಳದೊಳಗಿನ ಗಂಧದ ವಿಚಾರ

ಪ್ರೊಸೆಸರ್ ತಯಾರಿಸುವ ಕಂಪನಿಯ ಮುಖ್ಯಸ್ಥರಿಗೆ ಮುಳಬಾಗಿಲಿನಿಂದ ಶ್ರೀವಾಣಿಯ ಸವಿನಯ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಕಾರ್ಖಾನೆಯೂ ತಂಪಾಗಿರುವಿರೆಂದು ನಂಬಿದ್ದೇನೆ. ನನ್ನ ಕಂಪ್ಯೂಟರ್ ಹಾಗಿರಲಿಲ್ಲವಾದ್ದರಿಂದ ಈ ಪತ್ರ.

ಕ್ಯಾಲನೂರಿನ ಮುನಿಗಂಗಮ್ಮನವರು ರಾಗಿ ಬೀಸುತ್ತಾ ಹಾಡುವ ನಲವತ್ತೊಂದು ಪದಗಳನ್ನು ನಾನು ಧ್ವನಿಮುದ್ರಿಸಿಕೊಂಡಿದ್ದೆ. ಅವರಿಗೆ ಎಂಬತ್ತೆರಡು ವರ್ಷ, ಕಿವಿ ಮಂದವಾಗುತ್ತಿತ್ತು. “ಕಿವಿ ಇರೋವಾಗ್ಲೇ ನಂಗೊಂದ್ಸಲ ಕೇಳಿಸ್ಬಿಡಮ್ಮ, ಆಮೇಲೆ ಊರಿಗೆಲ್ಲಾ ಕೇಳಿಸಿದ್ರೂ ನಂಗೇನ್ ಬಂತು” ಎಂದಿದ್ದರು. ಬೀಸುಕಲ್ಲಿನ ಸದ್ದನ್ನು ತಗ್ಗಿಸಿ ಅವರ ದನಿಯನ್ನು ಮೇಲೆತ್ತಲು ಕೂತರೆ, ಮೂರನೇ ನಿಮಿಷಕ್ಕೆ ತಮ್ಮ ಪ್ರೊಸೆಸರ್ ನೂರು ಡಿಗ್ರಿ ಮುಟ್ಟಿ, ಹೇಳದೆ ಕೇಳದೆ ಎಲ್ಲವನ್ನೂ ಆರಿಸಿ ಮಲಗುತ್ತಿತ್ತು. ಪದಗಳ ನಡುವಿನ ಮೌನಕ್ಕೂ ಅರ್ಥವಿದೆಯೆಂದು ಕಾವ್ಯ ಓದಿದವಳಾಗಿ ಬಲ್ಲೆ. ಕಂಪ್ಯೂಟರ್ ಹೀಗೆ ತಾಳಿದ ಎಂಟು ತಿಂಗಳ ಮೌನಕ್ಕೆ ಅರ್ಥ ಹುಡುಕುವಷ್ಟು ಓದಿಲ್ಲ.

ತಮ್ಮ ಸಹಾಯವಾಣಿಯವರು ಹನ್ನೊಂದು ಬಾರಿಯೂ ಕುಂದದ ಸೌಜನ್ಯದಿಂದ ಫ್ಯಾನಿನ ಧೂಳು ಒರೆಸಲು ಹೇಳಿದರು. ಒರೆಸಿದೆ. ಅಷ್ಟು ಶುಭ್ರವಾದ ಫ್ಯಾನ್ ಈಗ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ.

ಕೊನೆಗೆ ನಮ್ಮೂರ ರಿಪೇರಿ ಅಂಗಡಿಯ ಕದಿರೇಶ, ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸಬೇಕಾದ ಲೋಹದ ಮುಚ್ಚಳದ ಸುತ್ತ ಇದ್ದ ಕಪ್ಪು ಅಂಟನ್ನು ಶೇವಿಂಗ್ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೊಯ್ದು, ಮುಚ್ಚಳವನ್ನು ಎಬ್ಬಿಸಿದ. ಕೂದಲೆಳೆಯಷ್ಟು ಜಾರಿದ್ದರೂ ಚಿಪ್ ಸಾಯುತ್ತಿತ್ತು. ಬಿಸಿಯನ್ನು ಚಿಪ್ಪಿನಿಂದ ಮುಚ್ಚಳಕ್ಕೆ ದಾಟಿಸಲೆಂದು ಒಳಗೆ ತಾವು ಬಳಿದಿದ್ದ ಪೇಸ್ಟ್ ಹಳೆಯ ಗೋಡೆಯ ಸುಣ್ಣದಂತೆ ಉದುರಿತು. ತಮ್ಮ ಅಂಟು ಮಾತ್ರ ಅಮೋಘ. ಅದರ ಅರ್ಧ ನಿಷ್ಠೆ ಪೇಸ್ಟಿಗಿದ್ದಿದ್ದರೆ ನಾನು ತಮಗೆ ಬರೆಯುವ ಭಾಗ್ಯವೇ ಒದಗುತ್ತಿರಲಿಲ್ಲ.

ಅಂದು ಆಯುಧಪೂಜೆ. ಹೊಸ ಪೇಸ್ಟ್ ಬೆಂಗಳೂರಿನಿಂದ ಇನ್ನೂ ಬಂದಿರಲಿಲ್ಲ. ಕದಿರೇಶನ ತಾಯಿ ವೆಂಕಟರತ್ನಮ್ಮನವರು ಇಕ್ಕಳ, ಸ್ಕ್ರೂಡ್ರೈವರುಗಳಿಗೆಲ್ಲ ಗಂಧವಿಡುತ್ತಾ ಬಂದು, ಅಂಗಾತ ಬಿದ್ದಿದ್ದ ಮುಚ್ಚಳದ ಒಳಮೈಗೂ ಧಾರಾಳವಾಗಿ ಬಳಿದರು. “ಅಮ್ಮೋ, ಅದಕ್ಯಾಕೆ ಮೆತ್ತಿದೆ!” ಎಂದು ಅವನು ಕೂಗಿದರೆ, “ಕಾಯ್ತದೆ ಕಾಯ್ತದೆ ಅಂತ ವಾರದಿಂದ ಬಡ್ಕೊಂತಿದ್ಯಲ್ಲೋ, ಗಂಧ ತಂಪು ಕಣೋ” ಎಂದರು. ಪೂಜೆಯ ಗಂಧ ಒರೆಸುವ ಧೈರ್ಯ ಅವನಿಗೆ ಬರಲಿಲ್ಲ. ಹಾಗೆಯೇ ಮುಚ್ಚಳ ಕೂರಿಸಿ ಕಂಪ್ಯೂಟರ್ ಆನ್ ಮಾಡಿದ.

ಎಪ್ಪತ್ತೊಂದು ಡಿಗ್ರಿ, ಮಾನ್ಯರೇ.

ನಾಲ್ಕನೇ ದಿನ ಗಂಧ ಒಣಗಿತು. ಅಷ್ಟರಲ್ಲಿ ಹೊಸ ಪೇಸ್ಟ್ ಬಂದು, ಕದಿರೇಶ ಮತ್ತೆ ತೆರೆದು ಅದನ್ನು ಬಳಿದು ಮುಚ್ಚಿದ್ದಾನೆ. ಈಗ ಎಪ್ಪತ್ನಾಲ್ಕು. ಈ ಮೂರು ಡಿಗ್ರಿಯ ವ್ಯತ್ಯಾಸವನ್ನು ವೆಂಕಟರತ್ನಮ್ಮನವರು ಬೀದಿಗೆಲ್ಲ ತಿಳಿಸಿ ಮುಗಿಸಿದ್ದಾರೆ.

ನಲವತ್ತೊಂದೂ ಪದಗಳನ್ನು ಸಿದ್ಧಪಡಿಸಿ ಕ್ಯಾಲನೂರಿಗೆ ಒಯ್ದೆ. ಆ ಹೊತ್ತಿಗೆ ಮುನಿಗಂಗಮ್ಮನವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಸ್ಪೀಕರ್ ಒತ್ತಿಕೊಂಡು ಎರಡು ಪದ ಕೇಳಿ, “ಯಾರೋ ದೂರದಲ್ಲಿ ಹಾಡ್ದಂಗೈತೆ” ಎಂದರು.

ಮುಚ್ಚಳ ತೆಗೆದ ಕಾರಣ ವಾರಂಟಿ ರದ್ದಾಗಿದೆಯೆಂದು ತಾವು ತಿಳಿಸಿದ್ದೀರಿ. ಒಪ್ಪಿದೆ, ಬದಲಿ ಪ್ರೊಸೆಸರ್ ಬೇಡ. ಎಂಟು ತಿಂಗಳ ಹಿಂದಿನ ಸ್ಥಿತಿಯಲ್ಲಿರುವ ಒಂದು ಎಡಗಿವಿಯನ್ನು ಕಳುಹಿಸಿಕೊಟ್ಟರೆ ಸಾಕು. ದಾಸ್ತಾನಿಲ್ಲದಿದ್ದರೆ, ಕಾರ್ಖಾನೆಯಲ್ಲಿ ಒಂದು ಸಾಣೆಕಲ್ಲನ್ನಿರಿಸಿ ವೆಂಕಟರತ್ನಮ್ಮನವರನ್ನು ನೇಮಿಸಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆಯ ನಿದ್ದೆ ಅವರ ಷರತ್ತು.

ಇನ್ನೂ ಕಾಯದೆ ಉಳಿದಿರುವ ತಮ್ಮ ವಿಶ್ವಾಸಿ,
ಶ್ರೀವಾಣಿ

ಮರೆತ ಮಾತು: ತಡ ಯಾರಿಂದಾಯಿತೆಂದು ಮುನಿಗಂಗಮ್ಮನವರು ಕೇಳಿದರು, ತಮ್ಮ ಹೆಸರು ಹೇಳಿದೆ. ಮರುದಿನವೇ, ಮಾನ್ಯರಾದ ತಮ್ಮ ಮೇಲೆ ಅವರೊಂದು ಹೊಸ ಪದ ಕಟ್ಟಿದ್ದಾರೆ. ತಮ್ಮ ಏಳು ತಲೆಮಾರಿನವರ ಪ್ರಸ್ತಾಪ ಅದರಲ್ಲಿರುವುದರಿಂದ ಇಲ್ಲಿ ಬರೆಯಲಾರೆ. ತಮಗೆ ಕಳುಹಿಸಬೇಕೆನ್ನುವಷ್ಟರಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ನಿಲ್ಲುವ ಹೆಂಗಸರೆಲ್ಲ ಅದನ್ನು ಕಲಿತುಬಿಟ್ಟಿದ್ದಾರೆ.