ದೀಪದ ಕಂದಾಯವೂ ಬಿಳಿ ರೇಷ್ಮೆಯ ಹಾಸೂ

ಅರ್ಜಿ ಬರೆಯುವವನ ಎದುರಿಗೆ ನಗೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಗುವುದಕ್ಕೆ ಮಾತ್ರ ಅವನಿಗೆ ಅನುಮತಿ ಇರುವುದಿಲ್ಲ. ಚಳ್ಳಕೆರೆ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು, ಕಂಡವರ ಅಳಲನ್ನು ನನ್ನ ಅಕ್ಷರದಲ್ಲಿ ಬರೆದುಕೊಡುವುದು ನನ್ನ ಕಸುಬಾಗಿತ್ತು. ಬರೆಯುವಾಗ ನಗಬಾರದು ಎಂಬುದೇ ಕಸುಬಿನ ಮೊದಲ ನಿಯಮ. ನಕ್ಕರೆ ಗಿರಾಕಿ ಎದ್ದು ಪಕ್ಕದ ಮರಕ್ಕೆ ಹೋಗುತ್ತಿದ್ದ. ಅಲ್ಲಿಯೂ ಒಬ್ಬ ಬರೆಯುವವನು ಕೂತಿದ್ದ, ಅವನು ಹುಟ್ಟಿದಾಗಿನಿಂದ ನಕ್ಕವನಲ್ಲ. ಹೀಗೆ ನಾನು ತಡೆದಿಟ್ಟುಕೊಂಡ ನಗುವಿನಲ್ಲಿ ದೊಡ್ಡ ಪಾಲು ಮೊಳಕಾಲ್ಮುರಿನ ಒಂದೇ ವ್ಯಾಜ್ಯದ್ದು.

ವ್ಯಾಜ್ಯ ಇಷ್ಟೇ. ಆಗ ಮೊಳಕಾಲ್ಮುರಿನಲ್ಲಿ ಬೀದಿಗೆ ಒಂದೋ ಎರಡೋ ಸೀಮೆಎಣ್ಣೆ ದೀಪ. ಅದಕ್ಕೆ ಮನೆಮನೆಯಿಂದ ದೀಪದ ಕಂದಾಯ. ಉಳ್ಳವರು ನಾಲ್ಕು ಜನ ಸೇರಿ ದೀಪದ ಕಮಿಟಿ ಅಂತ ಮಾಡಿಕೊಂಡು, ಎಲ್ಲಿಂದಲೋ ಒಬ್ಬ ಕಂಟ್ರಾಕ್ಟರನನ್ನು ಕರೆಸಿದರು. ಆತ ಶೇಂಗಾ ಸಿಪ್ಪೆ ಉರಿಸುವ ಎಂಜಿನ್ನು ತಂದು, ಊರಿಗೆಲ್ಲ ಎಲೆಕ್ಟ್ರಿಕ್ ದೀಪ ಹಾಕುತ್ತೇನೆಂದ. ದೀಪ ಬರುವ ಮೊದಲೇ ಕಂದಾಯ ಎರಡರಷ್ಟಾಯಿತು. ಎಂಜಿನ್ನು ಇಡಲು ಆರಿಸಿದ ಜಾಗ ನೇಕಾರರ ಬೀದಿಯ ಕೊನೆಯ ಬಯಲು. ಬೆಳಗಾದರೆ ಅವರು ರೇಷ್ಮೆಯ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಉದ್ದಕ್ಕೆ ಎಳೆದು ಕಟ್ಟಿ, ಎಳೆ ತಿದ್ದಿ, ಮಗ್ಗಕ್ಕೆ ಅಣಿ ಮಾಡುತ್ತಿದ್ದುದು ಅಲ್ಲಿಯೇ. ರೇಷ್ಮೆಗೆ ಮಸಿ ಹತ್ತಿದರೆ ಬಿಡುವುದಿಲ್ಲ. ಎಂಜಿನ್ನು ಉಳಿದರೆ ಆ ಬೀದಿಯ ಮಗ್ಗಗಳು ಉಳಿಯುವಂತಿರಲಿಲ್ಲ.

೧. ಸುತ್ತು ಹೆಬ್ಬೆಟ್ಟು

ನೇಕಾರರು ಎರಡು ಗಾಡಿ ಕಟ್ಟಿಕೊಂಡು ಚಳ್ಳಕೆರೆಗೆ ಬಂದರು. ಮುಂದಾಳು ಒಬ್ಬ ಅಜ್ಜಿ. ಗಂಡ ಸತ್ತ ಮೇಲೆ ಮೂರು ಮಗ್ಗ ನಡೆಸುತ್ತಿದ್ದವಳು. ಮನೆಯವರೊಂದಿಗೆ ತೆಲುಗು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಕಚೇರಿಯ ಅಮಲ್ದಾರ ಸಾಹೇಬರ ಹೆಸರು, ಬಿರುದು ಎಲ್ಲ ಸೇರಿಸಿ ಕಾಗದದ ನಡುವೆ ಚೆನ್ನಾಗಿ ಅರ್ಜಿ ಬರೆದೆ. ಹೆಬ್ಬೆಟ್ಟು ಒತ್ತಿ ಅಂದರೆ ಯಾರೂ ಮುಂದೆ ಬರಲಿಲ್ಲ.

"ಮೇಲಿರೋನ್ನೇ ಮೊದ್ಲು ಹಿಡ್ಕಂಡು ಹೋಗ್ತಾರೆ, ಅಯ್ನೋರೆ" ಎಂದ ಒಬ್ಬ.

ಹಾಗಾದರೆ ಕೊನೆಗೆ ಒತ್ತು ಎಂದೆ. ಅದಕ್ಕೂ ಒಪ್ಪಲಿಲ್ಲ, ಕೊನೆಯವನಾಗುವುದು ಮನೆತನಕ್ಕೆ ಕಡಿಮೆಯಂತೆ. ಅಜ್ಜಿಗೆ ರೇಗಿತು. "ಏಮಿರಾ ಮೀ ಗೋಲ, ಏನ್ರೋ ನಿಮ್ಮ ಗಲಾಟೆ! ಅಂಚು ಕಟ್ಟಿದಂಗೆ ಸುತ್ಲೂ ಒತ್ರೋ" ಎಂದಳು. ಒತ್ತಿದರು.

ಸಾಹೇಬರು ಅರ್ಜಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟು ತಾವೇ ಮೇಜು ಸುತ್ತತೊಡಗಿದರು. ಮಸಿ ಕುಡಿಕೆ ಹಿಡಿದ ದಫೇದಾರ ಅವರ ಹಿಂದೆ. ಎರಡನೇ ಸುತ್ತಿಗೆ ಏದುಸಿರು ಬಂತು.

"ಇದರಲ್ಲಿ ಮುಖ್ಯಸ್ಥ ಯಾರು?" ಎಂದು ಗದರಿದರು.

ಅಜ್ಜಿ ಕೈಮುಗಿದಳು. "ತಾವೇ ಬುದ್ಧಿ. ನಾವೆಲ್ಲ ಸುತ್ಲೂ ಇದ್ದೀವಿ, ನಡುವೆ ಇರೋದು ತಮ್ಮ ಹೆಸ್ರೊಂದೇ."

೨. ಕಂಬಕ್ಕೆ ಕೊಟ್ಟದ್ದು

ಶುಕ್ಲಪಕ್ಷದಲ್ಲಿ ಬೀದಿ ದೀಪ ಹಚ್ಚಬಾರದೆಂದು ಕಮಿಟಿಯ ಕಟ್ಟಳೆ. ಮೋಡ ಮುಚ್ಚಿ ಕಣ್ಣು ಕಾಣದಿದ್ದರೂ ಪಂಚಾಂಗದಲ್ಲಿ ಬೆಳದಿಂಗಳು ಇದ್ದರೆ ಸಾಕು. ಕಂದಾಯ ಏರಿದ ಮೇಲೆ ಒಬ್ಬ ಮುದುಕ ಕಮಿಟಿ ಅಧ್ಯಕ್ಷರನ್ನು ಕೇಳಿದ: "ಅಲ್ರೀ ಯಜಮಾನ್ರೇ, ತಿಂಗಳಿಗೆ ಹದಿನೈದು ದಿನ ಚಂದ್ರಪ್ಪ ಬೆಳಕು ಕೊಡ್ತಾನೆ. ಅವನ ಬೆಳಕಿಗೆ ನಿಮಗ್ಯಾಕೆ ಕಂದಾಯ?"

ಅಧ್ಯಕ್ಷರಿಗೆ ಮುಖಭಂಗವಾಯಿತು. "ದೀಪ ಉರೀಲಿ ಬಿಡ್ಲಿ, ಕಂಬ ಅಲ್ಲೇ ಐತಲ್ಲ! ಕಂದಾಯ ಕಂಬಕ್ಕೆ" ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಮುದುಕನ ಎಮ್ಮೆ ದೀಪದ ಕಂಬಕ್ಕೆ ಕಟ್ಟಿತ್ತು. ಕಂದಾಯ ಕಂಬಕ್ಕೇ ಕೊಟ್ಟ ಮೇಲೆ ಗೂಟ ಯಾಕೆ ನೆಡಬೇಕು ಎಂಬುದು ಅವನ ವಾದ. ಮೂರು ದಿನದಲ್ಲಿ ಊರಿನ ಒಂದು ಕಂಬವೂ ಖಾಲಿ ಇರಲಿಲ್ಲ: ಎಮ್ಮೆ, ಹೋರಿ, ಒಂದು ಕಡೆ ಐದು ಕುರಿ. ದೀಪ ಹಚ್ಚುವವನು ಏಣಿ ಹಿಡಿದು ಬಂದರೆ ಎಮ್ಮೆ ಅವನನ್ನು ಹತ್ತಿರ ಬಿಡಲಿಲ್ಲ. ಅಧ್ಯಕ್ಷರು ಸಿಟ್ಟಾಗಿ, ಕಂಡ ಕಂಡ ಹಗ್ಗ ಬಿಚ್ಚಿ ಬಾ ಅಂತ ತಮ್ಮ ಆಳನ್ನು ಕಳಿಸಿದರು. ಅವನು ಒಂದೊಂದೇ ಬಿಚ್ಚುತ್ತಾ ಬಂದು ಕೊನೆಯ ಕಂಬದ ಹತ್ತಿರ ನಿಂತುಬಿಟ್ಟ. ಅದು ಅಧ್ಯಕ್ಷರ ಮನೆ ಮುಂದಿನ ಕಂಬ, ಕಟ್ಟಿದ್ದು ಅಧ್ಯಕ್ಷರದೇ ಹಸು.

ಬಾಗಿಲಲ್ಲಿ ಅಧ್ಯಕ್ಷರ ಹೆಂಡತಿ ನಿಂತಿದ್ದರು. "ಮುಟ್ಟಿದ್ರೆ ನೋಡು! ನಾವೂ ಕಂದಾಯ ಕೊಟ್ಟಿಲ್ವೇನೋ?"

೩. ಮಧ್ಯಾಹ್ನದ ದೀಪ

ಜನರ ಬಾಯಿ ಮುಚ್ಚಿಸಲು ಕಂಟ್ರಾಕ್ಟರ ಎಲೆಕ್ಟ್ರಿಕ್ ದೀಪ ತೋರಿಸುತ್ತೇನೆಂದು ಡಂಗುರ ಹಾಕಿಸಿದ. ಹೊತ್ತು ಮುಳುಗಿದ ಮೇಲೆ ಎಂಜಿನ್ನು ಕೈಕೊಟ್ಟರೆ ಎಂಬ ಹೆದರಿಕೆಯೋ ಏನೋ, ನೆತ್ತಿಯ ಮೇಲೆ ಸೂರ್ಯ ಇರುವಾಗ ಬಯಲಿನಲ್ಲಿ ಒಂದು ಗಾಜಿನ ಬುರುಡೆ ಕಟ್ಟಿ ಹಚ್ಚಿದ. ಜನ ಸುತ್ತ ನಿಂತು ನೋಡಿದರು, ಡಂಗುರದ ಸುದ್ದಿ ಕೇಳಿ ಚಳ್ಳಕೆರೆಯಿಂದ ಹೋಗಿದ್ದ ನಾನೂ. ಉರಿಯುತ್ತಿದೆ ಎಂದು ಕೆಲವರು, ಇಲ್ಲ ಎಂದು ಹಲವರು. ಎಮ್ಮೆಯ ಮುದುಕ ಮನೆಗೆ ಹೋಗಿ ತನ್ನ ಲಾಟೀನು ಹಚ್ಚಿ ತಂದ.

"ಇದ್ಯಾಕಲೇ?" ಎಂದ ಕಂಟ್ರಾಕ್ಟರ.

"ನಿಮ್ದು ಹತ್ತೈತೋ ಇಲ್ವೋ ನೋಡ್ಬೇಕಲ್ರೀ ಸ್ವಾಮಿ" ಎಂದು ಲಾಟೀನನ್ನು ಬುರುಡೆಯ ಹತ್ತಿರ ಎತ್ತಿ ಹಿಡಿದ.

ಅಷ್ಟು ಹೊತ್ತಿಗೆ ಎಂಜಿನ್ನಿನ ಹೊಗೆ ಬೀದಿಗೆ ಇಳಿದಿತ್ತು. ಆಗತಾನೇ ಹೊಸ ಮಗ್ಗ ಹೂಡಿದ್ದ ಗಂಡ ಹೆಂಡತಿ ಹಾಸನ್ನು ಒಳಗೆ ಒಯ್ಯುವಷ್ಟರಲ್ಲಿ ಅದರ ತುಂಬ ಕರಿ ಚುಕ್ಕೆ. ಆ ಹೆಂಗಸು ಸೆರಗಿನಿಂದ ಒರೆಸಲು ಹೋಗಿ ಚುಕ್ಕೆಯನ್ನು ಗೆರೆ ಮಾಡಿದಳು. ನನಗೆ ಅಲ್ಲಿ ನಗು ಬರಲಿಲ್ಲ.

ಕಂಟ್ರಾಕ್ಟರ ಮಾತ್ರ ಅಜ್ಜಿಯ ಜಗುಲಿಗೆ ಬಂದು ಕೂತು ನಯವಾಗಿ ಮಾತಾಡಿದ. ಸಾಹೇಬರ ಮಗಳ ಧಾರೆಗೆಂದು ಅಜ್ಜಿಯ ಮಗ್ಗದಲ್ಲಿ ಕೆಂಪಂಚಿನ ಬಿಳಿ ಸೀರೆ ನೇಯ್ಗೆಯಲ್ಲಿತ್ತು. ಅದನ್ನು ನೋಡಿ, "ಥೇಟ್ ಇಂಥದ್ದೇ ನಮ್ಮ ಮನೆಯವಳಿಗೂ ಒಂದು ನೇಯಿರಿ. ನಾನೇನು ನಿಮ್ಮ ಶತ್ರುವೇ?" ಎಂದು ಮುಂಗಡ ಕೊಟ್ಟು ಹೋದ. ಅಜ್ಜಿ ಅದನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು.

೪. ಸಾಹೇಬರ ತನಿಖೆ

ಕಡೆಗೆ ಸಾಹೇಬರೇ ತನಿಖೆಗೆ ಬಂದರು. ಅವರ ಗುಮಾಸ್ತೆಗೆ ಜ್ವರವಾದ್ದರಿಂದ ಬರೆದುಕೊಳ್ಳಲು ನನ್ನನ್ನೇ ಕರೆತಂದಿದ್ದರು. ಅರ್ಜಿ ಬರೆದವನೇ ಅದರ ವಿರುದ್ಧದ ತೀರ್ಪನ್ನೂ ಬರೆಯಬೇಕಾದ ಪ್ರಸಂಗ ನನಗೆ ಬಂದದ್ದು ಅದೊಂದೇ ಸಲ.

ದೊಡ್ಡವರು ಬಂದರೆ ಕಟ್ಟಿದ ಹಾಸಿನ ತುದಿಯಲ್ಲಿ ಕುರ್ಚಿ ಹಾಕಿ ಕೂರಿಸುವುದು ಆ ಬೀದಿಯ ಮರ್ಯಾದೆ. ಅಜ್ಜಿ ಬೆಳಿಗ್ಗೆಯೇ ಬಯಲಿನಲ್ಲಿ ಬಿಳಿ ಹಾಸು ಎಳೆದು ಕಟ್ಟಿಸಿ, ತುದಿಯಲ್ಲಿ ಕುರ್ಚಿ ಹಾಕಿಸಿದ್ದಳು. ಹಾಸಿನ ಆ ತುದಿ ಹೊಗೆ ಕೊಳವೆಯ ನೇರ ಕೆಳಗೆ ಬರುತ್ತಿತ್ತು. ಕಂಟ್ರಾಕ್ಟರನಿಗೋ ಎಂಜಿನ್ನಿನ ಪೂರ್ತಿ ಪ್ರತಾಪ ತೋರಿಸುವ ಉಮೇದು. ಸಿಪ್ಪೆಯ ಚೀಲದ ಮೇಲೆ ಚೀಲ ಸುರಿಸಿದ.

ಸಾಹೇಬರು ತಲೆಯ ಬಿಳಿ ರುಮಾಲು ಸರಿಮಾಡಿಕೊಂಡು ಹೇಳತೊಡಗಿದರು. "ಬರೆದುಕೋ. ಹೊಗೆ ಮೇಲಕ್ಕೆ ಹೋಗುತ್ತದೆ. ಕೆಳಗಿರುವವರಿಗೆ ಬಾಧೆ ಇಲ್ಲ." ಅವರ ಮೂಗಿನ ತುದಿಯ ಮೇಲೆ ಮಸಿ ಕೂತಿತು. "ಊರು ಮುಂದೆ ಬರಬೇಕಾದರೆ ಒಂದಿಷ್ಟು ಮಸಿ ಸಹಿಸಿಕೊಳ್ಳಬೇಕು." ರುಮಾಲು ಬೂದುಬಣ್ಣಕ್ಕೆ ತಿರುಗಿತು. ಹೇಳುವ ಧೈರ್ಯ ಯಾರಿಗೂ ಇಲ್ಲ. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ನಾನಿಡದ ಚುಕ್ಕೆಗಳೆಲ್ಲ ಕಾಗದದ ಮೇಲೆ ತಾವಾಗಿಯೇ ಬೀಳುತ್ತಿದ್ದವು.

ಅಜ್ಜಿ ಮೆಲ್ಲಗೆ ಕೇಳಿದಳು: "ಬುದ್ಧಿ, ತಮ್ಮ ಮಗಳ ಧಾರೆ ಸೀರೆ ನಮ್ಮ ಮಗ್ಗಕ್ಕೆ ಹೇಳಿ ಎಷ್ಟು ದಿನ ಆತು?"

"ಎರಡು ತಿಂಗಳಾಯ್ತು. ಕೆಂಪಂಚಿನ ಬಿಳಿ..." ಎಂದವರು ಅಲ್ಲಿಗೇ ನಿಲ್ಲಿಸಿ ಮುಂದಿನ ಹಾಸನ್ನು ನೋಡಿದರು. ಕೆಂಪಂಚು ಇತ್ತು. ಬಿಳಿ ಎನ್ನುವಂತಿರಲಿಲ್ಲ.

"ನಿಲ್ಲಿಸೋ ಎಂಜಿನ್ನು!"

ಕಂಟ್ರಾಕ್ಟರ ಓಡಿ ಬಂದ. "ಸ್ವಾಮಿ, ಒಂದಿಷ್ಟು ಮಸಿ ಸಹಿಸಿಕೊಳ್ಳಬೇಕು ಅಂತ ತಾವೇ..."

"ಸಹಿಸಿಕೊಂಡದ್ದು ಸಾಕು! ಏಯ್, ಬರೆದದ್ದನ್ನೆಲ್ಲ ಹೊಡೆದುಹಾಕು. ಹೊಗೆ ದುಸ್ಸಹವಾಗಿದೆ. ಎಂಜಿನ್ನನ್ನು ಊರಾಚೆ ಸಾಗಿಸತಕ್ಕದ್ದು. ಊರೊಳಗೆ ಎಂಜಿನ್ನೇ ಇಲ್ಲದ ಮೇಲೆ ಏರಿಸಿದ ಕಂದಾಯವೂ ರದ್ದು." ಅಷ್ಟು ಬೇಗ, ಅಷ್ಟು ಸಂತೋಷದಿಂದ ನಾನು ಎಂದೂ ಬರೆದಿಲ್ಲ.

ಸಾಹೇಬರ ಗಾಡಿ ಹೋದ ಮೇಲೆ ನನಗೆ ಅಜ್ಜಿಯ ಚಿಂತೆ ಹತ್ತಿತು. "ಅಜ್ಜಿ, ಮದುವೆ ಹತ್ರ ಬಂತಲ್ಲ. ಇನ್ನೊಂದು ಸೀರೆ ಯಾವಾಗ ನೇಯ್ತೀಯ?"

ಅವಳು ನನ್ನನ್ನು ಒಳಗೆ ಕರೆದು ಪೆಟ್ಟಿಗೆ ತೆರೆದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕೆಂಪಂಚಿನ ಬಿಳಿ ಸೀರೆ, ಒಂದು ಕಲೆ ಇಲ್ಲ. "ಸಾಹೇಬ್ರ ಸೀರೆ ಮಗ್ಗ ಇಳಿದು ಹದಿನೈದು ದಿನ ಆತು. ನಾನು ಎಷ್ಟು ದಿನ ಆತು ಅಂತ ಕೇಳಿದೆ, ಅಷ್ಟೇ."

"ಮತ್ತೆ ಹೊರಗೆ ಮಸಿ ತಿಂದದ್ದು?"

ಕಿಟಕಿಯಾಚೆ ಕಂಟ್ರಾಕ್ಟರ ಎಂಜಿನ್ನಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಜ್ಜಿ ಅವನ ಕಡೆ ನೋಡಿ ಪೆಟ್ಟಿಗೆ ಮುಚ್ಚಿದಳು. ನಾನು ಕಸುಬಿನ ನಿಯಮ ಮುರಿದು ನಕ್ಕದ್ದು ಆಗಲೇ.

"ಅದು ಅವರ ಮನೆಯವಳಿಗೆ. ಹಾಸೂ ಅವರದೇ, ಮಸೀನೂ ಅವರದೇ. ನಂದು ಬರೀ ನೇಯ್ಗೆ."