ಕಾಣಬಾರದ ವಿಮಾನಕ್ಕೆ ಬಣ್ಣ

ಎಪ್ಪತ್ತರ ದಶಕದ ಕೊನೆಗೆ ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದೆ. ಕಟ್ಟಿಗೆ ಕೆತ್ತಿ ಯುದ್ಧವಿಮಾನದ ಮಾದರಿ ಮಾಡುವುದು ನನ್ನ ಹುಚ್ಚು. ಅದರಲ್ಲೂ ಯಾವ ದೇಶವೂ ಕಟ್ಟದೆ ನಕ್ಷೆಯಲ್ಲೇ ಕೈಬಿಟ್ಟ ವಿಮಾನಗಳನ್ನೇ ಆರಿಸುತ್ತಿದ್ದೆ. ಹುಟ್ಟದ ವಿಮಾನಕ್ಕೆ ಯಾವ ಬಣ್ಣ ಬಳಿದರೂ ತಪ್ಪು ಎನ್ನುವವರು ಯಾರು? ನನ್ನ ಜಾಣತನಕ್ಕೆ ನಾನೇ ಬೆರಗಾಗುತ್ತಿದ್ದೆ!

ಆ ವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ಬರುವವರಿದ್ದರು. "ಶಾಲಿ ಮರ್ಯಾದಿ ನಿಮ್ಮ ವಿಮಾನದ ಮ್ಯಾಲೆ ಐತ್ರಿ" ಎಂದು ಹೆಡ್‌ಮಾಸ್ತರರು ಮೊದಲ ಮೇಜನ್ನೇ ನನಗೆ ಕೊಟ್ಟರು. ನಾನು ತಿಂಗಳಿಡೀ ಬಣ್ಣದ ಚಿಂತೆಯಲ್ಲಿ ಮುಳುಗಿದೆ.

ನನ್ನ ಹೆಂಡತಿ ಶಾರದಾ ತಾಳ್ಮೆಗೆಟ್ಟಳು. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ. ನಿಮ್ಮದು ಹುಟ್ಟಲಾರದ ಕೂಸು! ಅದಕ್ಕ ತಿಂಗಳಾತು, ಇನ್ನೂ ಕುಲಾಯಿ ಆರಿಸಾಕ ಹತ್ತೀರಿ!"

ಕೊನೆಗೆ ಎರೆಮಣ್ಣಿನ ಕಪ್ಪು, ನಡುನಡುವೆ ಹುಲ್ಲಿನ ಹಸಿರು ಎಂದು ನಿರ್ಧರಿಸಿದೆ. ನಮ್ಮ ಸೀಮೆಯ ಹೊಲದಲ್ಲಿ ನಿಂತರೆ ಮೇಲಿನಿಂದ ಶತ್ರುವಿಗೆ ಕಾಣಲೇಬಾರದು! ಪಕ್ಕದ ಮನೆಯ ಮಕಬೂಲಸಾಬರು ಲಾರಿಗಳಿಗೆ ಬಣ್ಣ ಬಳಿಯುವವರು. ಬಣ್ಣ ಕಲಸಿಕೊಟ್ಟು ಕೇಳಿದರು:

"ಮಾಸ್ತರ, ಒಂದು ಕೆಂಪು ಪಟ್ಟಿ ಎಳೀಲೇನ್ರಿ? ಎದ್ದು ಕಾಣ್ತೈತಿ."

"ಕಾಣಬಾರದು ಅಂತನ ಈ ಬಣ್ಣ!"

"ಕಾಣಬಾರದಂದ್ರ ಬಣ್ಣ ಯಾಕ್ರಿ ಬೇಕು?"

ಇಂಥ ಅಜ್ಞಾನಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಾಗಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಮಕಬೂಲಸಾಬರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕುರ್ತಕೋಟಿ ದಾರಿಯ ಒಂದು ಖಾಲಿ ಹೊಲಕ್ಕೆ ಹೋದೆ. ವೈಜ್ಞಾನಿಕ ಪರೀಕ್ಷೆಯಾಗಬೇಕಲ್ಲ! ವಿಮಾನವನ್ನು ಕರಿಮಣ್ಣಿನ ಮೇಲಿಟ್ಟು, ಮೂಗಿನ ಮೇಲಿನ ಚಾಳೀಸು ಜಾರದಿರಲೆಂದು ತೆಗೆದು ಕಿಸೆಗೆ ಹಾಕಿ, ಬದುವಿನ ಬೇವಿನ ಮರ ಹತ್ತಿದೆ. ಶತ್ರುವಿನ ಕಣ್ಣಿನಿಂದ ಕೆಳಗೆ ನೋಡಿದೆ.

ಏನೂ ಕಾಣಲಿಲ್ಲ!

"ಗೆದ್ದೆ!" ಎಂದು ಕೂಗಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಇಳಿದು ಹೊಲಕ್ಕೆ ಬಂದೆ. ಅಲ್ಲಿಯೂ ಏನೂ ಕಾಣಲಿಲ್ಲ! ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ತಡಕಾಡಿದೆ.

ಬದುವಿನ ಮೇಲಿಂದ ಮಕಬೂಲಸಾಬರು ಕೂಗಿದರು: "ಮಾಸ್ತರ, ನಿಮ್ಮ ಬಲಗಾಲ ಮುಂದನ ಐತ್ರಿ!"

"ಎಲ್ಲೈತ್ರಿ?" ಎಂದು ನಾನು ಬಲಗಾಲು ಮುಂದಿಟ್ಟೆ.

ಕಟಕ್!

ಓಡಿ ಬಂದ ಮಕಬೂಲಸಾಬರು ಮೊದಲು ವಿಮಾನ ನೋಡಿದರು, ಆಮೇಲೆ ನನ್ನ ಮುಖ. "ಬದುವಿನ ಮ್ಯಾಲಿಂದನ ನನಗ ಖುಲ್ಲಾ ಕಾಣ್ತಿತ್ತು. ಅಲ್ರಿ ಮಾಸ್ತರ, ಚಾಳೀಸು ಎಲ್ಲಿ?"

ಕಿಸೆಯಲ್ಲಿತ್ತು. ಹಾಕಿಕೊಂಡೆ. ಈಗ ವಿಮಾನದ ಐದೂ ತುಂಡುಗಳು ಸ್ಪಷ್ಟವಾಗಿ ಕಂಡವು! ಮೂರು ತಿಂಗಳ ಕೆಲಸ. ಖರೆ ಹೇಳಬೇಕೆಂದರೆ, ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

ಮರುದಿನ ಮೊದಲ ಮೇಜಿನ ಮೇಲೆ ಆ ಐದು ತುಂಡುಗಳನ್ನೇ ಜೋಡಿಸಿಟ್ಟು, 'ಶತ್ರುವಿನ ಕಣ್ಣಿಗೆ ಬೀಳದ ವಿಮಾನ' ಎಂಬ ಫಲಕವನ್ನೂ ಇಟ್ಟೆ. ಫಲಕ ಮೊದಲೇ ಬರೆದಾಗಿತ್ತು. ನಿವೃತ್ತ ಅಧಿಕಾರಿಗಳು ಬಗ್ಗಿ ಬಹಳ ಹೊತ್ತು ನೋಡಿದರು.

"ಬಣ್ಣ ಛಲೋ ಆರಿಸೀರಿ. ಇದನ್ನ ಹೊಡೆದು ಕೆಡವಿದವರು ಯಾರ್ರಿ?"

ಹೆಡ್‌ಮಾಸ್ತರರು ನನ್ನತ್ತ ನೋಡಿದರು. ನಾನು ನನ್ನ ಬಲಗಾಲಿನತ್ತ ನೋಡಿದೆ.

ಸಂಜೆ ಮನೆಗೆ ಬಂದಾಗ ಶಾರದಾ ನನ್ನ ಚಾಳೀಸಿನ ಡಬ್ಬಿಯನ್ನು ಬಿಸಿಲಿಗೆ ಒಣಗಲು ಇಟ್ಟಿದ್ದಳು. ಅದರ ಮೇಲೆ ಮಕಬೂಲಸಾಬರು ಹೆಬ್ಬೆರಳು ಅಗಲದ ಕೆಂಪು ಪಟ್ಟಿ ಎಳೆದಿದ್ದರು. ಎದ್ದು ಕಾಣುತ್ತಿತ್ತು!