ಬ್ರೇಕಿನ ಎರಡೂ ಕಡೆಯ ಹೇಳಿಕೆ

ಫೆಬ್ರುವರಿಯ ಎರಡನೇ ಭಾನುವಾರ, ಬೆಳಗ್ಗೆ ಎಂಟೂವರೆಗೆ, ಆಂಡರ್ಸನ್‌ಪೇಟೆಯ ನಮ್ಮ ಮನೆಯ ಗೇಟಿನ ಮುಂದೆ ನಾನು ನನ್ನ ಕಾರಿನ ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿದೆ. ಯಾರ ಒತ್ತಡವೂ ಇರಲಿಲ್ಲ.

ಹಿನ್ನೆಲೆ ಹೀಗಿದೆ. ಒಂದು ವಾರದಿಂದ ಬ್ರೇಕ್ ಒತ್ತಿದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತಿತ್ತು. ಬಂಗಾರಪೇಟೆಯಿಂದ ಬಂದು ನಿಲ್ಲಿಸಿದರೆ ಸುಟ್ಟ ವಾಸನೆ. ಎಡ ಚಕ್ರವನ್ನು ಮುಟ್ಟಿ ನೋಡಿದೆ. ದೋಸೆ ಕಾವಲಿ! ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಲೇ ನಿರ್ಣಯಕ್ಕೆ ಬಂದೆ: ಕ್ಯಾಲಿಪರ್ ಜಾಮ್ ಆಗಿದೆ. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಇಕ್ಕಳದಂತೆ ಹಿಡಿದು ನಿಲ್ಲಿಸುವ ಭಾಗ ಅದು. ಹಿಡಿದದ್ದನ್ನು ಬಿಡುತ್ತಿಲ್ಲ. ಈ ನಿರ್ಣಯ ಸರಿಯಾಗಿತ್ತು ಎಂಬುದನ್ನು ಓದುಗರು ಕೊನೆಯವರೆಗೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ನಮ್ಮಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ಅವರ ಸ್ಪ್ಯಾನರ್ ಪೆಟ್ಟಿಗೆ ನಮ್ಮ ಮನೆಯಲ್ಲಿದೆ. ನಾನು ಪತ್ರಿಕೆಯ ವರದಿಗಾರನಾದರೂ ರಕ್ತ ಎಲ್ಲಿಗೆ ಹೋಗುತ್ತದೆ?

ಅಂದು ಸಂಜೆ ಬಂಗಾರಪೇಟೆಯಲ್ಲಿ ನನ್ನ ಬಾಮೈದ ನಾಗೇಶನಿಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಈ ಮೊದಲು ಎರಡು ಸಂಬಂಧ ತಪ್ಪಿಹೋಗಿದ್ದವು. ನಾಲ್ಕೂವರೆಗೆ ರಾಹುಕಾಲ; ಅದಕ್ಕೆ ಮೊದಲೇ ಹುಡುಗಿಯನ್ನು ನೋಡಿಬಿಡಬೇಕು. ಎಲ್ಲರನ್ನೂ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ.

"ರೀ, ಮೆಕಾನಿಕ್ ಅತ್ರ ಬಿಟ್ರೆ ಆಗಾಕಿಲ್ವಾ?" ಎಂದಳು ಹೆಂಡತಿ ಮಂಜುಳಾ.

"ಫಿಟರ್ ಮಗನ ಮನೇಲಿ ಆ ಮಾತು ಬೇಡ" ಎಂದೆ.

ಪಕ್ಕದ ಮನೆಯ ಸೆಲ್ವಂ ಅಣ್ಣ ಬೇವಿನ ಮರದಡಿ ಕುರ್ಚಿ ಹಾಕಿಕೊಂಡರು. ಅಪ್ಪನ ಜೊತೆ ಅದೇ ವರ್ಕ್‌ಶಾಪಿನಲ್ಲಿದ್ದವರು. ಅವರು ಬಾಯಿ ತೆರೆಯುವ ಮುನ್ನವೇ ನಾನು, "ಅಣ್ಣಾ, ಇವತ್ತು ನೀವು ನೋಡ್ತಾ ಇರಿ ಅಷ್ಟೇ. ಒಂದು ಮಾತೂ ಬೇಡ" ಎಂದೆ.

"ಸರಿ ತಂಬಿ" ಎಂದು ಅವರು ಬಾಯಿ ಮುಚ್ಚಿದರು.

ಕೆಟ್ಟಿದ್ದು ಎಡಗಡೆಯದು ಮಾತ್ರ. ಆದರೆ ಒಂದೇ ಕಡೆ ಕೇಳಿ ವರದಿ ಮಾಡುವುದು ನಮ್ಮ ವೃತ್ತಿಗೆ ಒಪ್ಪುವುದಿಲ್ಲ. ಹೀಗಾಗಿ ಬಲಗಡೆಯ ಕ್ಯಾಲಿಪರನ್ನೂ ಬಿಚ್ಚಿದೆ. ಕಾರಿಗೆ ಎದುರಾಗಿ ನಿಂತು, ಸೀಮೆಸುಣ್ಣದಲ್ಲಿ ಒಂದಕ್ಕೆ 'ಎಡ', ಇನ್ನೊಂದಕ್ಕೆ 'ಬಲ' ಎಂದು ಬರೆದು, ಗೋಣಿಚೀಲದ ಮೇಲೆ ಇಟ್ಟೆ. ಕೆಟ್ಟಿದ್ದ ಕ್ಯಾಲಿಪರಿನ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಹೇಳಿರಲಿಲ್ಲವೇ! ಉಜ್ಜಿದೆ, ಗ್ರೀಸ್ ಹಚ್ಚಿದೆ, ಬೆಳ್ಳಿ ಲೋಟದಂತೆ ಹೊಳೆಯಿಸಿದೆ.

ಜೋಡಿಸುವಾಗ ಮಂಜುಳಾ ಸ್ಟೀರಿಂಗ್ ಮುಂದೆ ಕೂತಿದ್ದಳು. "ಎಡ ಯಾವ ಕಡೆ?" ಎಂದು ಕೇಳಿದೆ. ಅವಳು ಎಡಗೈ ಎತ್ತಿ ತೋರಿಸಿದಳು. ಆ ಕಡೆಗೆ 'ಎಡ' ಎಂದು ಬರೆದದ್ದನ್ನು ಬಿಗಿದೆ. ಬ್ರೇಕ್ ಪೈಪು ಯಾಕೋ ತಿರುಚಿಕೊಂಡಿತು. ಹೊಸ ಗ್ರೀಸಿಗೆ ನಾಚಿಕೊಂಡಿರಬೇಕು ಎಂದುಕೊಂಡೆ.

ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕ್ಯಾಲಿಪರಿನ ಸಣ್ಣ ನಿಪ್ಪಲ್ ಸಡಿಲಿಸಿ ಗಾಳಿ ಬಿಡಬೇಕು. ರೇಷ್ಮೆ ಸೀರೆ ಉಟ್ಟ ಮಂಜುಳಾ ಒತ್ತಿದಳು. ನಾನು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿದೆ.

"ಒತ್ತು!"

"ಒತ್ತಿದೆ!"

"ಬಿಡು!"

"ರೀ, ಇಡ್ಲಿ ಮೇಲೆ ಕಾಲಿಟ್ಟಂಗೈತೆ!"

ಎರಡು ಗಂಟೆ ಕಾಲ ಒತ್ತಿದಳು. ಮೂರು ಡಬ್ಬಿ ಬ್ರೇಕ್ ಆಯಿಲ್ ಮುಗಿಯಿತು. ಇಡ್ಲಿ ಇಡ್ಲಿಯಾಗಿಯೇ ಉಳಿಯಿತು.

ಒಂದೂವರೆಗೆ ಕ್ಯಾಸಂಬಳ್ಳಿಯ ಬಸ್ಸಿಳಿದು ಅತ್ತೆ, ಮಾವ ಮತ್ತು ಇಸ್ತ್ರಿ ಮಾಡಿದ ಶರ್ಟಿನ ನಾಗೇಶ ಬಂದರು. ಮಾವ ಮುನಿವೆಂಕಟಪ್ಪ ಒಂದು ಸುತ್ತು ಹಾಕಿ ನೋಡಿದರು.

"ಏನಪ್ಪಾ, ಕಾರು ಮಂಡಿ ಊರಿ ಕೂತೈತೆ? ಓಗಾಣ ಅಂದ್ಯಲ್ಲ?"

"ಇನ್ನು ಹತ್ತೇ ನಿಮಿಷ ಮಾವ."

"ನಮ್ಮ ಸೀಮೆ ಅಸು ಇಷ್ಟೊತ್ತಿಗೆ ಎರಡು ಕರ ಆಕ್ತಿತ್ತು" ಎಂದರು ಮಾವ.

ನಾಗೇಶ ಗಡಿಯಾರ ನೋಡಿಕೊಂಡ. ಅವನ ಮುಖ ಕಂಡು ನನ್ನ ಅಭಿಮಾನ ಮಣಿಯಿತು. "ಸೆಲ್ವಂ ಅಣ್ಣಾ, ಈಗ ಮಾತಾಡಬಹುದು" ಎಂದೆ.

ಅವರು ಕುರ್ಚಿಯಿಂದ ಏಳಲಿಲ್ಲ. "ಗಾಳಿ ಮೇಲುಕ್ಕೆ ಓಗ್ತದೆ ತಂಬಿ. ನಿಪ್ಪಲ್ ಮೇಲ್ಗಡೆ ಇರ್ಬೇಕು. ನೀನು ಬಾಗ್ಲು ಕೆಳಗಡೆ ಇಟ್ಬಿಟ್ಟು ಬಾ ಬಾ ಅಂತ ಕರೀತಾ ಇದೀಯ. ಅದು ಎಂಗೆ ಬರ್ತದೆ? ಎರಡು ಕ್ಯಾಲಿಪರೂ ಅದಲು ಬದಲು!"

"ಯಾವಾಗ ಗೊತ್ತಾಯ್ತು?"

"ನೀನು ಬೋಲ್ಟು ಬಿಗಿಯೋವಾಗ್ಲೇ."

"ಹೇಳಬಾರದಾ ಅಣ್ಣಾ!"

"ನೀನೇ ಬೇಡ ಅಂದ್ಯಲ್ಲ ತಂಬಿ."

ತಪ್ಪು ಎಲ್ಲಿ ಆಯಿತೆಂದು ನನಗೆ ತಕ್ಷಣ ತಿಳಿಯಿತು. ಇಪ್ಪತ್ತೆರಡು ವರ್ಷದಿಂದ ಗುಂಪಿನ ಫೋಟೊಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. 'ಎಡದಿಂದ ಬಲಕ್ಕೆ' ಎಂದರೆ ನೋಡುವವರ ಎಡ, ನಿಂತವರ ಎಡವಲ್ಲ. ಎದುರಿಗೆ ನಿಂತು ನಾನು ಕಾರಿಗೂ ಹಾಗೆಯೇ ಅಡಿಬರಹ ಬರೆದಿದ್ದೆ. ಮಂಜುಳಾ ತೋರಿಸಿದ್ದು ಕಾರಿನ ಎಡ. ಪತ್ರಿಕೆಯ ನಿಯಮದ ಪ್ರಕಾರ ನನ್ನದರಲ್ಲಿ ದೋಷವಿರಲಿಲ್ಲ. ಕಾರು ಪತ್ರಿಕೆ ಓದುವುದಿಲ್ಲ, ಅಷ್ಟೇ.

ಮತ್ತೆ ಬಿಚ್ಚಲು ಸಮಯವಿರಲಿಲ್ಲ. ಆಟೊದಲ್ಲಿ ಮಾರಿಕುಪ್ಪಂ ಸ್ಟೇಷನ್ನಿಗೆ ಓಡಿ, ಹೊರಟಿದ್ದ ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಹೆಣ್ಣಿನ ಮನೆಯ ಹೊಸ್ತಿಲು ದಾಟಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ರಾಹುಕಾಲಕ್ಕೆ ಇಪ್ಪತ್ತು ನಿಮಿಷ ಬಾಕಿ!

ಹುಡುಗಿ ಕಾಫಿ ತಂದಳು. ಲೋಟ ಹಿಡಿದ ನನ್ನ ಕೈ ಮೊಣಕೈವರೆಗೆ ಕಪ್ಪಗಿತ್ತು. ಹೆಣ್ಣಿನ ತಂದೆ ಅದನ್ನೇ ನೋಡುತ್ತಿದ್ದರು.

"ಇವ್ರು ಏನ್ ಮಾಡ್ಕೊಂಡವ್ರೆ?"

ಮಾವ ಗಂಟಲು ಸರಿಮಾಡಿಕೊಂಡರು. "ನಮ್ಮ ಅಳಿಯ. ಪೇಪರ್ನೋರು. ಕಾರು ಬಿಚ್ಚಾದೂ ಬತ್ತದೆ."

ಜೋಡಿಸುವ ಬಗ್ಗೆ ಅವರು ಯಾವ ಹೇಳಿಕೆಯನ್ನೂ ನೀಡಲಿಲ್ಲ.

ಹೆಣ್ಣಿನ ತಂದೆಯ ಮುಖ ಅರಳಿತು. "ಅಂಗಾ! ನಮ್ಮ ಕಾರೂ ಬ್ರೇಕ್ ಒತ್ತಿದ್ರೆ ಕಿರ್ ಅಂತೈತೆ ಸಾರ್. ಒಂದ್ಸಲ ನೋಡ್ತೀರಾ?"

"ತನ್ನಿ, ಅದಕ್ಕೇನು" ಎಂದೆ. ಮಂಜುಳಾ ನನ್ನ ಕಾಲು ತುಳಿದಳು. ಎರಡು ಗಂಟೆ ಅಭ್ಯಾಸ ಮಾಡಿದ ಕಾಲು.

ಸೋಮವಾರ ಬೆಳಗ್ಗೆ ಕ್ಯಾಲಿಪರ್‌ಗಳನ್ನು ಅವುಗಳ ಸರಿಯಾದ ಜಾಗಕ್ಕೆ ನಾನೇ ಹಾಕಿದೆ. ಸೆಲ್ವಂ ಅಣ್ಣ ಮಾತಾಡುತ್ತಲೇ ಇದ್ದರು. ಹತ್ತು ನಿಮಿಷದಲ್ಲಿ ಗಾಳಿ ಹೋಯಿತು. ಪೆಡಲ್ ಕಲ್ಲಾಯಿತು. ಈಗ ಕಾರು ಗೆರೆ ಎಳೆದಂತೆ ನೇರವಾಗಿ ನಿಲ್ಲುತ್ತದೆ. ಎಡ ಚಕ್ರವನ್ನು ಯಾರು ಬೇಕಾದರೂ ಮುಟ್ಟಿ ನೋಡಬಹುದು. ಬಂದವರಿಗೆಲ್ಲ ನಾನು ಮುಟ್ಟಿಸುತ್ತಿದ್ದೇನೆ.

ಈ ಶನಿವಾರ ಸಂಜೆ ಆರು ಗಂಟೆಯವರೆಗಿನ ಮಾಹಿತಿಯಂತೆ, ಹೆಣ್ಣಿನವರು ಸಂಬಂಧಕ್ಕೆ ಒಪ್ಪಿದ್ದಾರೆ. ಹೆಣ್ಣಿನ ತಂದೆಯ ಕಾರು ನಾಳೆ ಬೆಳಗ್ಗೆ ಎಂಟೂವರೆಗೆ ನಮ್ಮ ಗೇಟಿನ ಮುಂದೆ ಬರಲಿದೆ. ಸೆಲ್ವಂ ಅಣ್ಣನ ಕುರ್ಚಿ ಈಗಾಗಲೇ ಬೇವಿನ ಮರದಡಿ ಇದೆ. ಅದನ್ನು ತಂದಿಟ್ಟವಳು ಮಂಜುಳಾ.